ಬೀಜ ಕಟ್ಟಿಕೊಂಡ ಬುತ್ತಿ

ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವಾಗ ಕಾಲುವೆ ದಂಡೆಯ ಹೊಂಗೆ ಮರಗಳ ಕೆಳಗೆ ಬೇಸಿಗೆಯಲ್ಲಿ ಒಣ ಕಾಯಿ ಬಿದ್ದಿರುತ್ತವೆ. ಒಂದನ್ನು ಎತ್ತಿಕೊಂಡು ಕಲ್ಲಿನಿಂದ ಮೆಲ್ಲಗೆ ಜಜ್ಜಿ ಬಿಡಿಸಿ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ: ಚಪ್ಪಟೆ, ಕಂದುಗೆಂಪು, ಮೇಲೆ ಸುಕ್ಕುಗೆರೆ, ತೂಕ ಹೆಚ್ಚುಕಡಿಮೆ ಒಂದು ಗ್ರಾಂ. ಅಷ್ಟಕ್ಕೇ ಬಿಡಬೇಡಿ. ಸಿಪ್ಪೆಯ ಒಳಅಂಚನ್ನು ಉಗುರಿನಿಂದ ಕೆರೆದು ಹುಡುಕಿದರೆ ಒಣಗಿದ ಚುಕ್ಕೆಯೊಂದು ಅಂಟಿಕೊಂಡಿರುವುದು ಕಾಣುತ್ತದೆ. ಬೀಜವಾಗಬೇಕಿದ್ದ ಎರಡನೆಯ ಅಂಡಕ ಅದು. ಹೊಂಗೆ ಹೂವಿನ ಅಂಡಾಶಯದಲ್ಲಿ ಇರುವುದೇ ಎರಡು ಅಂಡಕ. ಎರಡೂ ಬಲಿತ ಕಾಯಿ ಆಗೊಮ್ಮೆ ಈಗೊಮ್ಮೆ ಸಿಗುತ್ತದೆ; ಹೆಚ್ಚಿನವುಗಳಲ್ಲಿ ಒಂದು ಬೆಳೆದು ಇನ್ನೊಂದು ಎಳೆತನದಲ್ಲೇ ಸತ್ತಿರುತ್ತದೆ.

ಬೀಜದ ಗಾತ್ರವನ್ನು ಯಾರು ನಿರ್ಧರಿಸುತ್ತಾರೆ ಎಂದು ತಿಳಿಯಲು ಈ ಚುಕ್ಕೆಯಿಂದ ಶುರು ಮಾಡುವುದು ಒಳ್ಳೆಯದು.

ಬೀಜ ಎಂದರೆ ಒಂದು ಭ್ರೂಣ, ಅದರ ಜೊತೆಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಮೊಳಕೆ ಬೇರಿಳಿಸಿ, ಎಲೆ ತೆರೆದು, ಬಿಸಿಲಿನಿಂದ ತನ್ನ ಊಟ ತಾನೇ ಮಾಡಿಕೊಳ್ಳುವ ತನಕ ಆ ಬುತ್ತಿಯೇ ಗತಿ. ತಾಯಿಯ ಬಳಿ ಒಂದು ಹಂಗಾಮಿಗೆ ಇರುವ ಹಿಟ್ಟು, ಎಣ್ಣೆ, ಪ್ರೋಟೀನು ಇಂತಿಷ್ಟೇ. ಅದನ್ನು ಸಾವಿರ ಮಕ್ಕಳಿಗೆ ಚಿಟಿಕೆಯಷ್ಟು ಹಂಚಬಹುದು, ಹತ್ತು ಮಕ್ಕಳಿಗೆ ಹೊಟ್ಟೆತುಂಬ ಕೊಡಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. 1974ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಸ್ಮಿತ್ ಮತ್ತು ಸ್ಟೀಫನ್ ಫ್ರೆಟ್‌ವೆಲ್ ಇದಕ್ಕೆ ಲೆಕ್ಕದ ರೂಪ ಕೊಟ್ಟರು. ಬುತ್ತಿ ತೀರಾ ಕಡಿಮೆಯಾದರೆ ಸಸಿ ಬದುಕುವುದೇ ಇಲ್ಲ. ಹೆಚ್ಚಿಸುತ್ತ ಹೋದಂತೆ ಬದುಕುವ ಸಾಧ್ಯತೆ ಮೊದಮೊದಲು ಸರಸರನೆ ಏರುತ್ತದೆ, ಆಮೇಲೆ ಏರಿಕೆ ಮಂದವಾಗುತ್ತದೆ. ಇನ್ನಷ್ಟು ಕೊಟ್ಟರೂ ಕೊಟ್ಟಷ್ಟು ಫಲ ಸಿಗದ ಆ ತಿರುವಿನಲ್ಲೇ ತಾಯಿಗೆ ಅತಿ ಹೆಚ್ಚು ಲಾಭ. ಆ ತಿರುವು ಎಲ್ಲಿ ಬರುತ್ತದೆ ಎಂಬುದನ್ನು ನೆಲ, ನೀರು, ನೆರಳು, ನೆರೆಹೊರೆ ನಿರ್ಧರಿಸುತ್ತವೆ. ಗಾಳಿಯಲ್ಲಿ ಧೂಳಿನಂತೆ ತೇಲುವ ಸೀತಾಳೆ ಬೀಜವೂ, 15 ಕಿಲೋ ದಾಟುವ ಸೇಶೆಲ್ಸ್ ದ್ವೀಪದ ಜೋಡಿ ತೆಂಗೂ ಒಂದೇ ಲೆಕ್ಕದ ಬೇರೆ ಬೇರೆ ಉತ್ತರಗಳು.

ಆದರೆ ಲೆಕ್ಕದಲ್ಲಿ ತಾಯಿ ಒಬ್ಬಳೇ ಇಲ್ಲ, ಮಕ್ಕಳೂ ಇದ್ದಾರೆ. ಅದೇ 1974ರಲ್ಲಿ ರಾಬರ್ಟ್ ಟ್ರೈವರ್ಸ್ ತಾಯಿ-ಮಕ್ಕಳ ಹಿತ ಒಂದೇ ಅಲ್ಲ ಎಂದು ತೋರಿಸಿದ್ದರು. ತಾಯಿಗೆ ಎಲ್ಲ ಮಕ್ಕಳೂ ಸಮ. ಪ್ರತಿ ಮಗುವಿಗೆ ಮಾತ್ರ ಒಡಹುಟ್ಟಿದವರಿಗಿಂತ ತಾನು ಹೆಚ್ಚು. ಈ ಮಾತು ಗಿಡಗಳಿಗೂ ಅನ್ವಯಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ಒದಗಿಸಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಕೆ. ಎನ್. ಗಣೇಶಯ್ಯ ಪ್ರಮುಖರು. ಗಣೇಶಯ್ಯನವರನ್ನು ಕನ್ನಡ ಓದುಗರು ‘ಕನಕ ಮುಸುಕು’ ಕಾದಂಬರಿಯಿಂದ ಬಲ್ಲರು. ಬೀಜಗಳ ಈ ಕೆಲಸವೂ ಅಷ್ಟೇ ಪರಿಚಿತವಾಗಬೇಕು ಎಂಬುದು ನನ್ನ ಆಸೆ. ಬೀಟೆಯ ಬಂಧುವಾದ ಶಿಸ್ಸೂ ಮರದ ಕಾಯಿಯಲ್ಲಿ ಹಲವು ಅಂಡಕಗಳಿದ್ದರೂ ಹೆಚ್ಚಾಗಿ ಒಂದೇ ಬೀಜ ಬಲಿಯುವುದೇಕೆ ಎಂದು ಅವರು ಹುಡುಕಿದರು. 1988ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ಮೊದಲು ಬಲಿಯತೊಡಗಿದ ಬೀಜ ನೀರಿನಲ್ಲಿ ಕರಗುವ ರಾಸಾಯನಿಕವನ್ನು ಹೊರಬಿಟ್ಟು ಉಳಿದವುಗಳ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಹಾಗೆ ಒಂಟಿಯಾದ ಬೀಜದ ಕಾಯಿ ಹಗುರ, ಗಾಳಿಗೆ ಹೆಚ್ಚು ದೂರ ಹಾರುತ್ತದೆ. ಒಡಹುಟ್ಟಿದವರ ಸಾವಿನಿಂದ ಬುತ್ತಿಯೂ ಹೆಚ್ಚು, ದೂರವೂ ಹೆಚ್ಚು. ನೇರಳೆ ಹಣ್ಣಿನ ಒಳಗೂ ಇಂಥದೇ ರಾಸಾಯನಿಕ ಕದನ ನಡೆದು ಅನೇಕ ಅಂಡಕಗಳಲ್ಲಿ ಒಂದು ಗೆಲ್ಲುತ್ತದೆ. ಹೊಂಗೆಯ ಚುಕ್ಕೆಯೂ ಇದೇ ಸಾಲಿನದು; ಅದರ ಮೇಲಿನ ಅಧ್ಯಯನ 1999ರಲ್ಲಿ ಹೊರಬಂತು.

ಕಂಪ್ಲಿಯ ರೈತರಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಹಾಲು ತುಂಬುವ ಹೊತ್ತಿಗೆ ನೀರು ಕೈಕೊಟ್ಟರೆ ಭತ್ತದ ಕಾಳು ಸಣ್ಣದಾಗುವುದಕ್ಕಿಂತ ಹೆಚ್ಚಾಗಿ ಜೊಳ್ಳಾಗುತ್ತದೆ. ಕಷ್ಟ ಬಂದಾಗ ಭತ್ತ ಎಲ್ಲ ಕಾಳಿಗೂ ಅರೆಹೊಟ್ಟೆ ಹಾಕುವುದಿಲ್ಲ. ಕೆಲವನ್ನು ಕೈಬಿಟ್ಟು ಉಳಿದವನ್ನು ತುಂಬಿಸುತ್ತದೆ. ಭತ್ತದ ಹೊರಸಿಪ್ಪೆ ಹೂವಿನ ಹಂತದಲ್ಲೇ ಅಳತೆ ಕಟ್ಟಿಕೊಂಡಿರುವುದರಿಂದ ಕಾಳು ಅದಕ್ಕಿಂತ ದೊಡ್ಡದಾಗಲೂ ಆಗದು. ಹೀಗಾಗಿ ಗಿಡದ ಎತ್ತರ, ತೆಂಡೆಗಳ ಎಣಿಕೆ, ತೆನೆಯ ಉದ್ದ ಎಲ್ಲವೂ ಗೊಬ್ಬರ-ನೀರಿಗೆ ತಕ್ಕಂತೆ ಹಿಗ್ಗಿ ಕುಗ್ಗಿದರೂ ಸಾವಿರ ಕಾಳಿನ ತೂಕ ತಳಿಯಿಂದ ತಳಿಗೆ ಬದಲಾಗುತ್ತದೆಯೇ ಹೊರತು ಒಂದೇ ತಳಿಯಲ್ಲಿ ಅಷ್ಟಾಗಿ ಕದಲುವುದಿಲ್ಲ. ಸೋನಾ ಮಸೂರಿ ಬಗೆಯ ಸಣ್ಣ ಭತ್ತದಲ್ಲಿ ಅದು 15 ಗ್ರಾಂ ಆಸುಪಾಸು, ದಪ್ಪ ಭತ್ತದಲ್ಲಿ 25 ಗ್ರಾಂ ದಾಟುತ್ತದೆ. ಬ್ರಿಟನ್ನಿನ ಸಸ್ಯವಿಜ್ಞಾನಿ ಜಾನ್ ಹಾರ್ಪರ್ 1970ರಲ್ಲೇ ಹೇಳಿದ್ದರು, ಗಿಡದ ಅಂಗಗಳಲ್ಲೆಲ್ಲ ಗಾತ್ರ ಬದಲಿಸಲು ಅತಿ ಕಡಿಮೆ ಒಪ್ಪುವುದು ಬೀಜ ಎಂದು. ನಮ್ಮ ಅಕ್ಕಸಾಲಿಗರು ಗುಲಗಂಜಿಯನ್ನು ತಕ್ಕಡಿಗೆ ಹಾಕಿದ್ದು ಇದೇ ನಂಬಿಕೆಯ ಮೇಲೆ. ಒಂದು ಗುಲಗಂಜಿ ಸುಮಾರು 0.12 ಗ್ರಾಂ, ವಿಜಯನಗರದ ಚಿನ್ನದ ವರಹ ಸುಮಾರು 3.4 ಗ್ರಾಂ, ಅಂದರೆ ಹತ್ತಿರಹತ್ತಿರ 28 ಗುಲಗಂಜಿ ತೂಕ. ಗುಲಗಂಜಿಯ ಸಿಪ್ಪೆ ನೀರನ್ನು ಒಳಬಿಡದಷ್ಟು ಗಟ್ಟಿ, ಆದ್ದರಿಂದ ಮಳೆಗಾಲದಲ್ಲೂ ಅದರ ತೂಕ ಏರುವುದಿಲ್ಲ.

ಈಗ ಹಂಪಿಯ ಗೋಪುರಗಳ ಕಡೆ ತಲೆಯೆತ್ತಿ ನೋಡೋಣ. ಅಡಿಭಾಗ ಕಣಶಿಲೆ, ಮೇಲಿನದು ಇಟ್ಟಿಗೆ-ಗಾರೆ. ಆ ಗಾರೆಯ ಬಿರುಕಿನಲ್ಲಿ ಬೇರೂರುವುದು ಹೆಚ್ಚಾಗಿ ಆಲ, ಅರಳಿ, ಬಸರಿ. ಮಾವಾಗಲಿ ಹುಣಸೆಯಾಗಲಿ ಅಲ್ಲಿ ಅಪರೂಪ. ಅಷ್ಟು ದೊಡ್ಡದಾಗಿ ಬೆಳೆಯುವ ಆಲದ ಬೀಜ ಒಂದು ಮಿಲಿಮೀಟರ್ ಆಸುಪಾಸು, ಒಂದೊಂದು ಹಣ್ಣಿನಲ್ಲಿ ನೂರಾರು. ಗೊರವಂಕ, ಕೋಗಿಲೆ, ಬಾವಲಿ ತಿಂದು ಎಲ್ಲೆಂದರಲ್ಲಿ ಹಿಕ್ಕೆ ಹಾಕುತ್ತವೆ. ಸಾವಿರ ಬೀಜಗಳಲ್ಲಿ ಒಂದಕ್ಕೆ ತೇವದ ಬಿರುಕು ಸಿಕ್ಕರೆ ಸಾಕು. ಬುತ್ತಿ ಇಲ್ಲದಂತೆಯೇ ಇರುವ ಈ ಮೊಳಕೆ ಕಾಡಿನ ನೆಲದಲ್ಲಿ, ತರಗೆಲೆ ಹೊದಿಕೆಯ ಕೆಳಗೆ, ಹುಲ್ಲಿನ ನೆರಳಿನಲ್ಲಿ ಬಿದ್ದಿದ್ದರೆ ಬೆಳಕು ಮುಟ್ಟುವ ಮೊದಲೇ ಸಾಯುತ್ತಿತ್ತು. ಗೋಡೆಯ ಮೇಲೆ ತರಗೆಲೆ ಇಲ್ಲ, ಹುಲ್ಲಿನ ಪೈಪೋಟಿ ಇಲ್ಲ, ಬಿಸಿಲು ಬೇಕಾದಷ್ಟು. ನೀರೊಂದೇ ಕೊರತೆ, ಸುಣ್ಣದ ಗಾರೆ ಮಳೆಗಾಲದ ತೇವವನ್ನು ಸ್ವಲ್ಪ ಹಿಡಿದಿಡುತ್ತದೆ.

2005ರಲ್ಲಿ ಏಂಜೆಲಾ ಮೋಲ್ಸ್ ಮತ್ತು ಸಂಗಡಿಗರು ಜಗತ್ತಿನ ಸುಮಾರು 13 ಸಾವಿರ ಸಸ್ಯ ಪ್ರಭೇದಗಳ ಬೀಜದ ತೂಕವನ್ನು ವಂಶವೃಕ್ಷದ ಮೇಲೆ ಜೋಡಿಸಿ ನೋಡಿದಾಗ, ಗಿಡ ಮೂಲಿಕೆಯೋ ಪೊದೆಯೋ ಮರವೋ ಎಂಬುದು ಬದಲಾದ ಕಡೆಯೇ ಬೀಜದ ಗಾತ್ರವೂ ಹೆಚ್ಚಾಗಿ ಬದಲಾಗಿರುವುದು ಕಂಡಿತು. ದೊಡ್ಡ ಗಿಡಕ್ಕೆ ದೊಡ್ಡ ಬೀಜ ಎಂಬುದು ಒಟ್ಟಾರೆ ನಡೆ: ಹೂಬಿಡುವ ವಯಸ್ಸಿಗೆ ಬರಲು ಮರಕ್ಕೆ ವರ್ಷಗಟ್ಟಲೆ ಬೇಕು, ಅಷ್ಟು ಕಾಲ ಅಪಾಯ ದಾಟಲು ಒಳ್ಳೆಯ ಆರಂಭವೂ ಬೇಕು. ಆಲ ಈ ನಡೆಯನ್ನು ಮುರಿದಿದೆ. ನೆಲದ ಪೈಪೋಟಿ ಬಿಟ್ಟು ಮರದ ಕೊಂಬೆಯ ಸಂದಿಯಲ್ಲೋ ಕಲ್ಲಿನ ಬಿರುಕಿನಲ್ಲೋ ಎತ್ತರದಿಂದಲೇ ಜೀವನ ಶುರು ಮಾಡುವ ಅದಕ್ಕೆ ಬೇಕಾದದ್ದು ಬುತ್ತಿಯಲ್ಲ, ಸರಿಯಾದ ಜಾಗದಲ್ಲಿ ಬೀಳುವ ಅವಕಾಶ. ಹಂಪಿಯ ಸ್ಮಾರಕಗಳಿಗೆ ಇದು ದೊಡ್ಡ ಉಪದ್ರವ. ಬೇರು ದಪ್ಪವಾದ ಮೇಲೆ ಕಿತ್ತರೆ ಗಾರೆಯೂ ಕಿತ್ತು ಬರುತ್ತದೆ. ಎರಡೆಲೆಯ ಹಂತದಲ್ಲೇ ಕೀಳುವುದು ಮತ್ತು ಬಿರುಕು ಮುಚ್ಚುವುದು, ಇವೆರಡೇ ಕೆಲಸ ಕೊಡುವ ಉಪಾಯ. ಹಣ್ಣಿನ ಮರ ಕಡಿದು ಪ್ರಯೋಜನವಿಲ್ಲ, ಬಾವಲಿ ಹೊಳೆಯಾಚೆಯಿಂದಲೂ ಬೀಜ ತರುತ್ತದೆ.

ಬುತ್ತಿಯ ಬೆಲೆ ತಿಳಿಯಬೇಕಾದರೆ ಎರಡು ಪರಾವಲಂಬಿ ಸಸ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಜೋಳ ಮತ್ತು ಕಬ್ಬಿನ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಕಳೆ. ಅದರ ಬೀಜ 0.3 ಮಿಲಿಮೀಟರ್ ಉದ್ದವೂ ಇರುವುದಿಲ್ಲ, ಬೊಟ್ಟಿಗೆ ಹತ್ತಿದರೆ ಕಂದು ಧೂಳು. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಅವು ಮಣ್ಣಿನಲ್ಲಿ ಹತ್ತು ವರ್ಷ ದಾಟಿಯೂ ಜೀವಂತ ಇರಬಲ್ಲವು. ಮೊಳೆತ ಮೇಲೆ ಕೆಲವೇ ದಿನಗಳಲ್ಲಿ ಆಸರೆಯ ಬೇರು ಸಿಗದಿದ್ದರೆ ಸಾವು ಖಚಿತ. ಆದ್ದರಿಂದಲೇ ಅದು ಕಣ್ಣುಮುಚ್ಚಿ ಮೊಳೆಯುವುದಿಲ್ಲ. ಪಕ್ಕದ ಬೇರು ಮಣ್ಣಿಗೆ ಬಿಡುವ ರಾಸಾಯನಿಕದ ಸುಳಿವಿಗೆ ಕಾಯುತ್ತದೆ. ಆ ರಾಸಾಯನಿಕವನ್ನು 1966ರಲ್ಲಿ ಹತ್ತಿಯ ಬೇರಿನಿಂದ ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ವಿಶೇಷವೆಂದರೆ ಹತ್ತಿಗೆ ಸ್ಟ್ರೈಗಾ ಅಂಟಲಾರದು. ಜೋಳದ ಹೊಲದಲ್ಲಿ ಒಂದು ಹಂಗಾಮು ಹತ್ತಿಯನ್ನೋ ಅಲಸಂದೆಯನ್ನೋ ಹಾಕಿದರೆ ಸುಳಿವು ನಂಬಿ ಮೊಳೆತ ಸ್ಟ್ರೈಗಾ ಆಸರೆ ಸಿಗದೆ ಸಾಯುತ್ತದೆ. ಬೆಳೆ ಬದಲಿಸುವ ಹಳೆಯ ಪದ್ಧತಿಗೆ ಇಂಥ ಬಲವಿದೆ. ಕಣ್ಣಿಗೆ ಬಿದ್ದ ಗಿಡವನ್ನು ಮಾತ್ರ ಹೂ ಬೀಜವಾಗುವ ಮೊದಲೇ ಕಿತ್ತು ಸುಡಬೇಕು.

ಇನ್ನೊಂದು ಶ್ರೀಗಂಧ. ಸಂಡೂರಿನ ಗುಡ್ಡಗಳಲ್ಲೂ ಬೆಳೆಯುವ ಈ ಮರವೂ ಪಕ್ಕದ ಗಿಡದ ಬೇರಿಗೆ ಬಾಯಿ ಹಚ್ಚಿಯೇ ಬಾಳುವುದು. ಆದರೆ ಇದರ ಬೀಜ ಬಟಾಣಿ ಕಾಳಿನಷ್ಟು, ಕಿಲೋಗೆ ಸುಮಾರು 6,000. ಆ ಬುತ್ತಿಯ ಮೇಲೆ, ಜೊತೆಗೆ ತನ್ನದೇ ಹಸಿರೆಲೆಯ ದುಡಿಮೆಯ ಮೇಲೆ ಸಸಿ ಕೆಲವು ತಿಂಗಳು ಆಸರೆ ಇಲ್ಲದೆಯೂ ನಿಲ್ಲುತ್ತದೆ, ಅಷ್ಟರಲ್ಲಿ ಬೇರು ಚಾಚಿ ನೆಂಟನನ್ನು ಹುಡುಕಿಕೊಳ್ಳುತ್ತದೆ. ನರ್ಸರಿಯವರು ಗಂಧದ ಸಸಿಯ ಚೀಲದಲ್ಲಿ ತೊಗರಿ ಕಾಳು ಊರುವುದು ಆ ಹುಡುಕಾಟದ ಶ್ರಮ ತಪ್ಪಿಸಲು.

ಹಾಗಿದ್ದರೆ ಗಂಧದ ಬೀಜ ಇನ್ನೂ ದೊಡ್ಡದೇಕೆ ಆಗಲಿಲ್ಲ? ಈ ಪ್ರಶ್ನೆಯನ್ನೇ ಎತ್ತಿಕೊಂಡು ಎಸ್. ಜಿ. ಹೆಗಡೆ, ಉಮಾಶಂಕರ್, ಗಣೇಶಯ್ಯ 1991ರಲ್ಲಿ ಲೇಖನ ಪ್ರಕಟಿಸಿದರು. ದೊಡ್ಡ ಬೀಜದ ಸಸಿ ಚೆನ್ನಾಗಿ ನೆಲೆಯೂರುತ್ತದೆ, ನಿಜ. ಆದರೆ ಬೀಜವನ್ನು ತಾಯಿಯ ನೆರಳಿನಿಂದ ಆಚೆಗೆ ಒಯ್ಯುವುದು ಹಕ್ಕಿ, ಹಕ್ಕಿಗೆ ಸಣ್ಣ ಹಣ್ಣು ನುಂಗುವುದು ಸುಲಭ. ನೆಲ ಒಂದು ಕಡೆ ಎಳೆಯುತ್ತದೆ, ಕೊಕ್ಕು ಇನ್ನೊಂದು ಕಡೆ. ಈಗಿರುವ ಗಾತ್ರ ಆ ಎರಡರ ನಡುವಿನ ರಾಜಿ. ಬೀಜದ ಗಾತ್ರದ ವಿಕಾಸವನ್ನು ಇಷ್ಟು ಸ್ಪಷ್ಟವಾಗಿ, ನಮ್ಮದೇ ನಾಡಿನ ಮರದ ಮೇಲೆ ತೋರಿಸಿದ ಕೆಲಸ ಇನ್ನೊಂದು ನನಗೆ ಗೊತ್ತಿಲ್ಲ.

ನುಂಗುವವರು ಮರೆಯಾದರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್ ಉದಾಹರಣೆ ಇದೆ. ಮೌರೊ ಗಲೆಟ್ಟಿ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದಂತೆ, ಅಲ್ಲಿನ ಅಟ್ಲಾಂಟಿಕ್ ಕಾಡಿನ ಒಂದು ತಾಳೆಯ ಬೀಜಗಳು, ಟೂಕನ್‌ನಂಥ ಅಗಲ ಕೊಕ್ಕಿನ ಹಕ್ಕಿಗಳು ಅಳಿದ ತುಣುಕು ಕಾಡುಗಳಲ್ಲಿ ಸಣ್ಣದಾಗಿವೆ. ದೊಡ್ಡ ಬೀಜ ಹೊರುವವರಿಲ್ಲದೆ ಸಣ್ಣ ಬೀಜದ ಮರಗಳಷ್ಟೇ ಮುಂದುವರಿದವು. ಅದಕ್ಕೆ ನೂರು ವರ್ಷ ಸಾಕಾಯಿತು. ಹಂಪಿ ಸುತ್ತಿನ ಬಂಡೆಗುಡ್ಡಗಳಲ್ಲಿ ಸಣ್ಣ ಹಣ್ಣುಗಳಿಗೆ ಹಳದಿ ಕೊರಳಿನ ಪಿಕಳಾರದಂಥ ಹಕ್ಕಿಗಳಿವೆ. ಬಾರೆ, ಕಕ್ಕೆ, ನೇರಳೆ, ಸೀತಾಫಲದಂಥ ದಪ್ಪ ಬೀಜ ಹೊರಲು ಕರಡಿ ಇದೆ. 1994ರಲ್ಲಿ ದರೋಜಿ ಕರಡಿಧಾಮ ಘೋಷಣೆಯಾದಾಗ ಉಳಿದದ್ದು ಕರಡಿ ಮಾತ್ರವಲ್ಲ, ಆ ಬೀಜಗಳ ಓಡಾಟವೂ ಉಳಿಯಿತು ಎಂದೇ ನಾನು ತಿಳಿಯುತ್ತೇನೆ. ಇದೇ ಮಾರ್ಗವನ್ನು ಪರದೇಶದಿಂದ ಬಂದು ನಮ್ಮ ಜಿಲ್ಲೆಯ ಹೆಸರು ಹೊತ್ತ ಬಳ್ಳಾರಿ ಜಾಲಿ ಕುರಿ-ಮೇಕೆಗಳ ಮೂಲಕ ಬಳಸಿಕೊಂಡಿದೆ. ಕಾಯಿ ಸಿಹಿ, ಬೀಜ ಸಣ್ಣದು, ಸಿಪ್ಪೆ ಗಟ್ಟಿ. ಹಲ್ಲಿಗೆ ಸಿಗದೆ ಹೊಟ್ಟೆ ದಾಟಿದ ಬೀಜ ಹಿಕ್ಕೆಯ ಗೊಬ್ಬರದಲ್ಲೇ ಮೊಳೆಯುತ್ತದೆ. ಜಾಲಿ ಕಾಯಿ ಮೇದ ಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಂಡವರು ಮುಂದಿನ ಮಳೆಗೆ ಜಾಲಿ ಸಸಿ ಕೀಳಲು ಸಿದ್ಧರಿರಬೇಕು.

ಮನುಷ್ಯನೂ ಇಲ್ಲೇ ಸುಮಾರು ನಾಲ್ಕು ಸಾವಿರ ವರ್ಷಗಳಿಂದ ಬೀಜವನ್ನು ಬದಲಿಸುತ್ತ ಬಂದಿದ್ದಾನೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳು ಸಿಕ್ಕಿವೆ. ಧಾರವಾಡದ ರವಿ ಕೊರಿಶೆಟ್ಟರ್ ಮತ್ತು ಲಂಡನ್ನಿನ ಡೋರಿಯನ್ ಫುಲ್ಲರ್ ದಕ್ಷಿಣ ಭಾರತದ ಬೇಸಾಯದ ಮೂಲವನ್ನು ಇಂಥ ಕಾಳುಗಳಿಂದಲೇ ಹುಡುಕಿದವರು. ಕಾಡು ದ್ವಿದಳ ಧಾನ್ಯಗಳ ಸಿಪ್ಪೆ ದಪ್ಪ. ಒಂದೇ ಮಳೆಗೆ ಎಲ್ಲವೂ ಮೊಳೆತು ಬರಕ್ಕೆ ಸಿಕ್ಕಿ ಸಾಯದಂತೆ ಕೆಲವು ಕಾಳು ವರ್ಷಗಟ್ಟಲೆ ಮಲಗಿರುತ್ತವೆ. ಬಿತ್ತುವ ರೈತನಿಗೆ ಮಲಗಿದ ಕಾಳಿನಿಂದ ಲಾಭವಿಲ್ಲ. ಬೇಗ ಮೊಳೆತದ್ದು ಬೆಳೆಯಾಯಿತು, ಬೆಳೆಯಾದದ್ದು ಮತ್ತೆ ಬಿತ್ತನೆಯಾಯಿತು. 2017ರಲ್ಲಿ ಷಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್‌ನ ಪ್ರಬಲ ಎಕ್ಸ್-ರೇಯಲ್ಲಿ ಭಾರತದ ಹಳೆಯ ಹುರುಳಿ ಕಾಳುಗಳನ್ನು ಒಡೆಯದೆಯೇ ನೋಡಿ, ಕಾಲ ಸರಿದಂತೆ ಸಿಪ್ಪೆ ತೆಳುವಾಗುತ್ತ ಬಂದದ್ದನ್ನು ಅಳೆದರು. ಕಾಳು ದಪ್ಪವಾಗುವುದು ಇದರ ಜೊತೆಜೊತೆಗೇ ಆಗಬೇಕೆಂದಿಲ್ಲ. ಹೆಸರು ಕಾಳು ದಪ್ಪವಾದದ್ದು ಬೇಸಾಯ ಶುರುವಾಗಿ ಬಹಳ ಕಾಲ ಕಳೆದ ಮೇಲೆ. ನೇಗಿಲು ಬಂದು ಬೀಜ ಆಳಕ್ಕೆ ಹೋಗತೊಡಗಿದಾಗ ಮೇಲೆದ್ದು ಬರಬಲ್ಲ ದಪ್ಪ ಕಾಳೇ ಉಳಿಯಿತು ಎಂಬುದು ಒಂದು ವಿವರಣೆ. ಎಲ್ಲ ವಿಜ್ಞಾನಿಗಳೂ ಅದನ್ನು ಒಪ್ಪಿಲ್ಲ, ನನಗೆ ಮಾತ್ರ ಅದು ಹೊಲದ ಅನುಭವಕ್ಕೆ ಹತ್ತಿರವಾಗಿ ಕಾಣುತ್ತದೆ.

ಏಕೆಂದರೆ ಬಿತ್ತುವ ಆಳ ಎಂದರೆ ಬುತ್ತಿಯ ಲೆಕ್ಕವೇ. ಎರೆ ನೆಲದಲ್ಲಿ ಹಿಂಗಾರಿ ಜೋಳವನ್ನು ಕೂರಿಗೆಯಲ್ಲಿ 5 ಸೆಂಟಿಮೀಟರ್ ಅಥವಾ ಇನ್ನೂ ಆಳಕ್ಕೆ ಬಿಡಬಹುದು. ಮೇಲ್ಮಣ್ಣು ಒಣಗಿದ್ದರೂ ಕೆಳಗಿನ ತೇವಕ್ಕೆ ಬೀಜ ಮುಟ್ಟುತ್ತದೆ, ಅಷ್ಟು ದೂರ ಮೇಲೇಳುವ ಶಕ್ತಿ ಕಾಳಿನಲ್ಲಿದೆ. ಸಾವಿರ ಕಾಳಿಗೆ 3 ಗ್ರಾಂ ತೂಗುವ ಎಳ್ಳಿಗೆ ಆ ಶಕ್ತಿ ಇಲ್ಲ, ಅದಕ್ಕೇ ಮರಳು ಬೆರೆಸಿ ತೆಳುವಾಗಿ, ಮೇಲುಮೇಲಾಗಿ ಬಿತ್ತುವುದು. ಮೇಲ್ಮಣ್ಣಿನಲ್ಲೇ ತೇವವಿದ್ದರೆ ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಎಂಬುದು ಒಳ್ಳೆಯ ಅಂದಾಜು. ಸಣ್ಣ ಬೀಜದ ಕಳೆಗಳಲ್ಲಿ ಅನೇಕವು ಬೆಳಕು ಕಾಣದೆ ಮೊಳೆಯುವುದೇ ಇಲ್ಲ; ತಾವು ಮೇಲ್ಗಡೆ ಇದ್ದೇವೆ ಎಂಬುದು ಅವಕ್ಕೆ ತಿಳಿಯುವ ಬಗೆ ಅದು. ಹೊಲ ಹರಗಿದ ವಾರದಲ್ಲೇ ಕಳೆ ಹಸಿರಾಗಿ ಏಳುವುದು ಹೀಗೆ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವುದೂ, ಯೋಚಿಸಿ ನೋಡಿದರೆ, ಸಣ್ಣ ಕಾಳಿಗೆ ದೊಡ್ಡ ಬೀಜದ ಅನುಕೂಲ ಕೊಡುವ ಕೆಲಸ: ಕಳೆಗಿಂತ ಮೊದಲೇ ಬೆಳೆದ ಸಸಿಯನ್ನು ಅದು ಗದ್ದೆಗಿಳಿಸುತ್ತದೆ.

ಮನೆಯ ಭತ್ತವನ್ನೇ ಬೀಜಕ್ಕೆ ಇಟ್ಟುಕೊಳ್ಳುವವರು ಉಪ್ಪುನೀರಿನ ಪರೀಕ್ಷೆ ಮಾಡಬೇಕು. ಹಸಿ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿ ಭತ್ತ ಸುರಿದರೆ ಜೊಳ್ಳು, ಅರೆತುಂಬಿದ್ದು ಮೇಲೆ ಬರುತ್ತದೆ. ಅದನ್ನು ಬಳಿದು ತೆಗೆದು, ಮುಳುಗಿದ್ದನ್ನು ಒಳ್ಳೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಇದರಿಂದ ಸಸಿಮಡಿ ಸಮನಾಗಿ, ಗಟ್ಟಿಯಾಗಿ ಏಳುತ್ತದೆ. ತಳಿ ಮಾತ್ರ ಬದಲಾಗದು. ಬದುವಿನ ಪಕ್ಕ ಹೆಚ್ಚು ಗೊಬ್ಬರ ಉಂಡ ಗಿಡದ ತುಂಬುಗಾಳು ಗೊಬ್ಬರದ ಫಲ, ವಂಶದ ಗುಣವಲ್ಲ. ತಳಿ ಕಾಪಾಡುವ ಉದ್ದೇಶವಿದ್ದರೆ ಗದ್ದೆಯ ನಡುವಿನ ಒಳ್ಳೆಯ ಗಿಡಗಳಿಂದ ತೆನೆ ಆರಿಸಬೇಕು.

ಸಂಡೂರಿನ ಗಣಿ ಗುಡ್ಡೆಗಳಿಗೆ ಈ ತಿಳಿವಳಿಕೆ ತುರ್ತಾಗಿ ಬೇಕು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಲು ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು, ಇಳಿಜಾರು ಗಟ್ಟಿ ಮಾಡುವುದು, ಗಿಡ ಬೆಳೆಸುವುದು ಅದರ ಭಾಗ. ಗಣಿತ್ಯಾಜ್ಯದ ರಾಶಿಯಲ್ಲಿ ಮೇಲ್ಮಣ್ಣಿಲ್ಲ, ನೆರಳಿಲ್ಲ, ಮಳೆ ಬಿದ್ದರೆ ನೀರು ನಿಲ್ಲುವುದಿಲ್ಲ. ಸಣ್ಣ ಬೀಜ ಕೊಚ್ಚಿ ಹೋಗುತ್ತದೆ, ದೊಡ್ಡ ಬೀಜವನ್ನು ಇಲಿ ಹೊತ್ತೊಯ್ಯುತ್ತದೆ. ಬೀಜದುಂಡೆ ಎರಡೂ ಅಪಾಯವನ್ನು ಕಡಿಮೆ ಮಾಡುತ್ತದೆ, ಆದರೆ ಎಲ್ಲ ಬೀಜಕ್ಕೂ ಒಂದೇ ಉಂಡೆ ಸಲ್ಲದು. 3 ಸೆಂಟಿಮೀಟರ್ ಉಂಡೆಯ ನಡುವೆ ಹುಲ್ಲಿನ ಬೀಜ ಇಟ್ಟರೆ ಅದು ಒಂದೂವರೆ ಸೆಂಟಿಮೀಟರ್ ಗಟ್ಟಿ ಮಣ್ಣಿನಡಿ ಹೂತಂತೆ. ಹುಲ್ಲಿನ ಬೀಜವನ್ನು ಉಂಡೆಯ ಹೊರಮೈಗೆ ಒತ್ತಬೇಕು. ಕಕ್ಕೆ, ಜಾಲಿ ಜಾತಿಯ ಗಟ್ಟಿ ಬೀಜಗಳನ್ನು ಬಿಸಿನೀರಿನಲ್ಲಿ ನೆನೆಸದೆ ಉಂಡೆ ಕಟ್ಟಿದರೆ ಆ ವರ್ಷ ಹೆಚ್ಚಿನವು ಮೊಳೆಯುವುದಿಲ್ಲ. ಬಳ್ಳಾರಿ ಜಾಲಿಯನ್ನಂತೂ ಉಂಡೆಗೆ ಸೇರಿಸಲೇಬಾರದು. ಹೊಂಗೆಯನ್ನು ರಾಶಿಯ ಬುಡದಲ್ಲಿ, ನೀರು ಇಂಗುವ ಕಡೆ ನೇರವಾಗಿ ಊರಬಹುದು.

ಗಣಿ ತೋಡುವ ಮೊದಲು ಎತ್ತಿಟ್ಟ ಮೇಲ್ಮಣ್ಣಿನಲ್ಲಿ ಆ ಗುಡ್ಡದ್ದೇ ಸಣ್ಣ ಬೀಜಗಳು ಮಲಗಿರುತ್ತವೆ. ವರ್ಷಗಟ್ಟಲೆ ಎತ್ತರದ ಗುಡ್ಡೆಯಾಗಿ ಬಿಟ್ಟರೆ ಅವು ಒಳಗೇ ಸಾಯುತ್ತವೆ. ಬೇಗ, ತೆಳುವಾಗಿ ಹರಡಿದರೆ ಖರ್ಚಿಲ್ಲದೆ ಹುಲ್ಲು ಏಳುತ್ತದೆ. ಬೇವು, ನೇರಳೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಮಳೆಯ ಹೊಸ್ತಿಲಲ್ಲೇ ಹಣ್ಣಾಗುವ ಈ ಬೀಜಗಳು ಬುತ್ತಿ ತುಂಬಿಕೊಂಡಿವೆ, ಆದರೆ ಕಾಯುವ ಗುಣ ಇಲ್ಲ. ಒಣಗಿಸಿ ಚೀಲ ಕಟ್ಟಿಟ್ಟರೆ ಕೆಲವು ವಾರಗಳಲ್ಲೇ ಮೊಳಕೆಯ ಶಕ್ತಿ ಕುಸಿಯುತ್ತದೆ. ಪರಿಸರ ದಿನಕ್ಕೆಂದು ಹಿಂದಿನ ವರ್ಷದ ಬೇವಿನ ಬೀಜದಲ್ಲಿ ಉಂಡೆ ಕಟ್ಟುವುದು ವ್ಯರ್ಥ ಶ್ರಮ. ಜೂನ್-ಜುಲೈನಲ್ಲಿ ಉದುರಿದ ಹಣ್ಣನ್ನು ಆರಿಸಿ, ತಿರುಳು ತೊಳೆದು, ಅದೇ ವಾರ ಊರಬೇಕು.